ಷರಾ: ಸಾಮಾನ್ಯ

ಫೆಬ್ರವರಿ 4

ಅಕ್ಕ,

ಈ ವರ್ಷ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ತಡವಾಯಿತು ಅಂತ ಬೈಯಬೇಡ. ಫೋನ್ ಮಾಡಿದರೆ ನಾನು ಹ್ಞಾಂ, ಹೂಂ ಬಿಟ್ಟು ಮೂರನೇ ಅಕ್ಷರ ಆಡುವುದಿಲ್ಲ, ಕಾಗದದಲ್ಲಾದರೆ ನಾಲ್ಕು ಮಾತು ಉದುರುತ್ತವೆ ಎಂದು ಈ ಪದ್ಧತಿ ಶುರು ಮಾಡಿದವಳು ನೀನೇ. ನನಗೂ ಇದೇ ಅನುಕೂಲ. ಫೋನಿನಲ್ಲಿ ನನ್ನ ಉಸಿರು ಕೇಳಿಯೇ ನೆಗಡಿಯೋ ಜಗಳವೋ ಅಂತ ಹೇಳಿಬಿಡುತ್ತೀಯ.

ಒಂದು ಉಪಕಾರ ಆಗಬೇಕು. ನನಗೊಂದು ಶರ್ಟು ಹೊಲಿದು ಕಳಿಸು. ಸ್ವಲ್ಪ ದೊಗಲೆಯಾಗಿರಲಿ. ಎಡಗಡೆ ಒಳಮೈಗೆ ಒಂದು ಜೇಬು ಇಡು, ಹೊರಗಿನಿಂದ ಕಾಣಬಾರದು. ಸಿಗರೇಟಿನ ಪ್ಯಾಕಿಗಿಂತ ತುಸು ದೊಡ್ಡ ವಸ್ತು ಹಿಡಿಸಬೇಕು. ಸಿಗರೇಟು ಶುರು ಮಾಡಿಲ್ಲ ಮಾರಾಯ್ತಿ, ಅಳತೆಗೆ ಹೇಳಿದೆ ಅಷ್ಟೆ. ಜೇಬಿನ ಪಕ್ಕದಲ್ಲೊಂದು ಕಾಜ ಬಿಡು, ತಂತಿ ತೂರುವಷ್ಟು.

ಇಲ್ಲಿ ಮೂರು ಜನ ನೋಡುತ್ತಿದ್ದ ಪಾಳಿಯನ್ನು ಈಗ ಇಬ್ಬರೇ ನೋಡುತ್ತಿದ್ದೇವೆ. ನಾನು ಮತ್ತು ರೇಡಿಯೋ. ರೇಡಿಯೋ ಅಂದರೆ ನಮ್ಮ ಕಂಟ್ರೋಲ್ ರೂಮಿನ ಹಳೇ ಹುಲಿ, ಬೆಳಿಗ್ಗೆ ಬಾಯಿ ತೆರೆದರೆ ಪಾಳಿ ಮುಗಿಯುವ ತನಕ ಮುಚ್ಚುವುದಿಲ್ಲ. ಹನ್ನೆರಡು ಪಂಪು, ಒಂಬತ್ತು ಟ್ಯಾಂಕು, ಆರು ಫೋನು. ಊರಿನ ಯಾವ ಮೂಲೆಯ ನಲ್ಲಿಯಲ್ಲಿ ನೀರು ನಿಂತರೂ ಆ ಆರರಲ್ಲೊಂದು ಫೋನು ನನ್ನ ಕಿವಿಗೇ ಬಂದು ಬೈಯುತ್ತದೆ. ಉಳಿದಂತೆ ಎಲ್ಲ ಸಾಮಾನ್ಯ.

ನಿನ್ನ ತಮ್ಮ


ಫೆಬ್ರವರಿ 11

ಲೋ ದೊರೆ,

ಒಳಜೇಬು ಅಂತೆ, ಹೊರಗಿನಿಂದ ಕಾಣಬಾರದು ಅಂತೆ, ಅದಕ್ಕೊಂದು ತಂತಿ ಅಂತೆ! ನಲವತ್ತೊಂದು ತುಂಬಿದವನಿಗೆ ಕೊನೆಗೂ ಯಾರೋ ಸಿಕ್ಕಿದ್ದಾಳೆ ಅಂತ ಅಂದುಕೊಂಡೆ. ಎದೆಯ ಹತ್ತಿರ ಫೋನು, ಕಿವಿಗೆ ತಂತಿ, ಕೆಲಸದ ಮಧ್ಯೆ ಅವಳ ಮಾತು. ಸರಿ ತಾನೇ? ಕಟಿಂಗ್ ಟೇಬಲ್ಲಿನ ಮುಂದೆ ನಿಂತು ಒಬ್ಬಳೇ ನಕ್ಕೆ. ಪಕ್ಕದವಳು "ಏನಕ್ಕಾ, ಸಂಬಳ ಜಾಸ್ತಿ ಮಾಡಿದ್ರಾ?" ಅಂದಳು. ಅವಳು ಯಾರು, ಏನು ಕೆಲಸ, ನಿನ್ನ ಸಿಡಿಮಿಡಿಯನ್ನು ಹೇಗೆ ಸಹಿಸುತ್ತಾಳೆ, ಎಲ್ಲ ಬರಿ. ಎದೆಯ ಸುತ್ತಳತೆಯನ್ನೂ ಹೊಸದಾಗಿ ತೆಗೆದು ಕಳಿಸು. ನನ್ನ ಹತ್ತಿರ ಇರುವುದು ಮೂರು ವರ್ಷ ಹಳೆಯದು, ನಲವತ್ತೆರಡು.

ನನ್ನ ಕಡೆಯ ಸುದ್ದಿ ಅಂದರೆ ಸಮವಸ್ತ್ರ. ಒಂದು ದೊಡ್ಡ ಆಸ್ಪತ್ರೆಯ ನರ್ಸುಗಳಿಗೆ ಹನ್ನೊಂದು ಸಾವಿರ ನೀಲಿ ಮೇಲಂಗಿ, ಮಾರ್ಚ್ ಮೂವತ್ತೊಂದರೊಳಗೆ. ಹೊಸ ಸೂಪರ್‌ವೈಸರ್ ಬಂದಿದ್ದಾಳೆ, ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡು. ಹೆಸರು ಯಾರಿಗೂ ಬೇಕಾಗಿಲ್ಲ, ಎಲ್ಲರೂ ಗಂಟೆಯಮ್ಮ ಅನ್ನುತ್ತೇವೆ. ಗಂಟೆಗೆ ಎಷ್ಟು ಕತ್ತರಿಸಿದೆವು ಅಂತ ಬೋರ್ಡಿನ ಮೇಲೆ ಬರೆಯುತ್ತಾಳೆ. ಕಡಿಮೆಯಾದರೆ ಕೆಂಪು. ಇಪ್ಪತ್ತಾರು ವರ್ಷ ಕತ್ತರಿ ಹಿಡಿದ ಕೈಗೆ ಮೊದಲ ಸಲ ಕೆಂಪು ಬಂತು ಕಣೋ. ಆವತ್ತು ಊಟ ಸೇರಲಿಲ್ಲ.

ಎಡಗಡೆ ಕೆಳಗಿನ ದವಡೆ ಹಲ್ಲು ಒಂದು ಕಾಟ ಕೊಡುತ್ತಿದೆ. ಬೇರೇನಿಲ್ಲ, ನಾನು ಚೆನ್ನಾಗಿದ್ದೇನೆ.

ಅಕ್ಕ


ಫೆಬ್ರವರಿ 19

ಅಕ್ಕ,

ಅವಳೂ ಇಲ್ಲ, ಗಿವಳೂ ಇಲ್ಲ. ಜೇಬಿನ ವಿಷಯ ಬಿಡು, ಆಮೇಲೆ ಹೇಳುತ್ತೇನೆ. ಎದೆ ಮೂವತ್ತೆಂಟು. ರೇಡಿಯೋ ಕೈಯಲ್ಲೇ ಟೇಪು ಹಿಡಿಸಿದೆ. "ಏನಯ್ಯಾ, ನಿನ್ನನ್ನ ಯಾರಾದ್ರೂ ತಿಂತಾ ಇದಾರಾ?" ಅಂದರು.

ಏಪ್ರಿಲಿನಲ್ಲಿ ವರ್ಷದ ವೈದ್ಯಕೀಯ ತಪಾಸಣೆ ಇದೆ. ಪಾಸಾದವರು ಪಂಪುಗಳ ಪ್ಯಾನೆಲ್ಲಿನ ಮುಂದೆ ಕೂರುತ್ತಾರೆ, ಆಗದವರು ಉಗ್ರಾಣದಲ್ಲಿ ಕೊಳವೆ ಎಣಿಸುತ್ತಾರೆ. ಹೋದ ವರ್ಷ ಒಬ್ಬರನ್ನು ಹಾಗೆ ಕಳಿಸಿದರು. ಈಗ ಕಾರಿಡಾರಿನಲ್ಲಿ ಸಿಕ್ಕರೆ ಅವರು ನಮ್ಮ ಮುಖ ನೋಡುವುದಿಲ್ಲ. ನಾನು ಹದಿನೆಂಟು ವರ್ಷ ಕೂತ ಕುರ್ಚಿ ಅದು ಅಕ್ಕ. ಬಿಟ್ಟುಕೊಡಲು ಮನಸ್ಸಿಲ್ಲ.

ನಗುವ ವಿಷಯ ಒಂದು ಹೇಳುತ್ತೇನೆ. ನಮ್ಮ ದಿನಚರಿ ಪುಸ್ತಕದಲ್ಲಿ ಹದಿನೈದು ನಿಮಿಷಕ್ಕೊಂದು ಸಾಲು. ನೀರಿನ ಮಟ್ಟ, ಒತ್ತಡ, ಕೊನೆಗೆ ಷರಾ ಅಂತ ಒಂದು ಅಂಕಣ. ಆ ಅಂಕಣವನ್ನು ನಾವು ಪಾಳಿ ಶುರುವಾಗುವಾಗಲೇ ಮೇಲಿನಿಂದ ಕೆಳಗಿನವರೆಗೆ ತುಂಬಿಬಿಡುತ್ತೇವೆ: ಸಾಮಾನ್ಯ, ಸಾಮಾನ್ಯ, ಸಾಮಾನ್ಯ, ಮೂವತ್ತೆರಡು ಸಲ. ರೇಡಿಯೋ ನನಗೆ ಕಲಿಸಿದ ಮೊದಲ ಪಾಠ ಅದು. "ಗಂಡಾಂತರ ಬಂದಾಗ ಕೈ ಖಾಲಿ ಇರ್ಬೇಕಪ್ಪಾ, ಬರ್ಕೊಂಡು ಕೂತ್ಕೊಳ್ಳೋಕಾಗಲ್ಲ." ಏನಾದರೂ ನಡೆದರೆ ಆ ಸಾಲನ್ನು ಹೊಡೆದು ತಿದ್ದುವುದು. ತಿದ್ದಲು ಮರೆತರೆ ಆವತ್ತು ಏನೂ ನಡೆಯಲೇ ಇಲ್ಲ ಅಂತ ಲೆಕ್ಕ.

ನಿನ್ನ ಹಲ್ಲನ್ನು ಕೀಳಿಸಿ ಬಿಸಾಕು. ಇನ್ನೂ ಮೂವತ್ತೊಂದು ಇರುತ್ತವೆ.

ತಮ್ಮ


ಫೆಬ್ರವರಿ 27

ದೊರೆ,

ಶರ್ಟು ಈ ಕಟ್ಟಿನಲ್ಲಿದೆ. ಜೇಬಿಗೆ ಎರಡು ಹೊಲಿಗೆ ಹಾಕಿದ್ದೇನೆ, ಇಟ್ಟಿಗೆ ಇಟ್ಟರೂ ಕಿತ್ತುಬರುವುದಿಲ್ಲ. ಕಾಜ ಬಿಟ್ಟಿದ್ದೇನೆ. ಯಾಕೆ ಅಂತ ಕೇಳುವುದಿಲ್ಲ, ಆದರೆ ನಲವತ್ತೆರಡರಿಂದ ಮೂವತ್ತೆಂಟಕ್ಕೆ ಹೇಗಿಳಿದೆ ಅಂತ ಮಾತ್ರ ಕೇಳುತ್ತೇನೆ. ಬಟ್ಟೆ ಕತ್ತರಿಸುವವಳಿಗೆ ನಾಲ್ಕು ಇಂಚು ಅಂದರೆ ಸಣ್ಣ ವಿಷಯವಲ್ಲ. ಟೇಪು ತಿರುಚಿರಬಹುದು ಅಂತ ಮೊದಲು ಅಂದುಕೊಂಡೆ. ರೇಡಿಯೋಗೆ ಅಳೆಯಲು ಬರುವುದಿಲ್ಲ ಅಂತ ಆಮೇಲೆ ಅಂದುಕೊಂಡೆ. ಕೊನೆಗೆ ನೀನು ಸರಿಯಾಗಿ ಉಣ್ಣುತ್ತಿಲ್ಲ ಅಂತ ಅಂದುಕೊಂಡೆ. ಮೂರರಲ್ಲಿ ಯಾವುದು?

ನಾಳೆ ಶನಿವಾರ ಹಲ್ಲು ಕೀಳುತ್ತಾರೆ. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ದೀಪ ಬಿಟ್ಟು, "ನೀವು ಹಲ್ಲು ಕಚ್ಕೊಂಡು ಕೆಲಸ ಮಾಡ್ತೀರಿ, ಹೌದಾ? ಒತ್ತಡಕ್ಕೆ ಹಾಗಾಗುತ್ತೆ" ಅಂದರು. ಇರಬಹುದು. ಗಂಟೆಯಮ್ಮ ಬೆನ್ನ ಹಿಂದೆ ಬಂದು ನಿಂತರೆ ಸಾಕು, ದವಡೆ ತಾನಾಗಿ ಬಿಗಿಯುತ್ತದೆ.

ನಾನು ಚೆನ್ನಾಗಿದ್ದೇನೆ. ನಿನ್ನದು ಬರಿ.

ಅಕ್ಕ


ಮಾರ್ಚ್ 6

ದೊರೆ,

ಶರ್ಟು ತಲುಪಿತೋ ಇಲ್ಲವೋ ಒಂದು ಸಾಲೂ ಇಲ್ಲ. ಒಂದು ವಿಚಿತ್ರ ಹೇಳಬೇಕು ಅಂತ ನಾನೇ ಮತ್ತೆ ಕೂತೆ.

ಹಲ್ಲು ಹೋಯಿತು. ನೋವು ಹೋಗಲಿಲ್ಲ! ಇಲ್ಲದ ಹಲ್ಲು ನೋಯುತ್ತದೆ ಅಂದರೆ ನಗುತ್ತೀಯ. ಅದಕ್ಕಿಂತ ವಿಚಿತ್ರ ಅಂದರೆ, ಆ ನೋವಿಗೆ ಮೆಟ್ಟಿಲು ಗೊತ್ತು. ನಮ್ಮದು ನಾಲ್ಕನೇ ಮಹಡಿ ತಾನೇ, ಲಿಫ್ಟು ಇರುವುದು ಬಟ್ಟೆಯ ಥಾನುಗಳಿಗೆ, ಮನುಷ್ಯರಿಗಲ್ಲ. ಎರಡು ಮಹಡಿ ಹತ್ತುವಷ್ಟರಲ್ಲಿ ದವಡೆಯನ್ನು ಯಾರೋ ಇಕ್ಕುಳದಲ್ಲಿ ಹಿಡಿದ ಹಾಗಾಗುತ್ತದೆ. ಕೆನ್ನೆ ಹಿಡಿದುಕೊಂಡು ಒಂದು ಕ್ಷಣ ನಿಂತರೆ ಮಾಯ. ಕೂತರೆ ಇಲ್ಲ, ಉಂಡರೆ ಇಲ್ಲ, ಬಿಸಿ ಕುಡಿದರೂ ಇಲ್ಲ, ತಣ್ಣಗೆ ಕುಡಿದರೂ ಇಲ್ಲ. ಹಲ್ಲಿನ ಡಾಕ್ಟರು ಪಕ್ಕದ ಹಲ್ಲಿನ ಮೇಲೆ ಅನುಮಾನಪಟ್ಟಿದ್ದಾರೆ. ಈ ಲೆಕ್ಕದಲ್ಲಿ ಮಾರ್ಚ್ ಮುಗಿಯುವಷ್ಟರಲ್ಲಿ ನಾನು ಬೊಚ್ಚುಬಾಯಿ.

ನಿನ್ನೆ ಬೋರ್ಡಿನಲ್ಲಿ ಕೆಂಪು ಇಲ್ಲ. ನಾನು ಚೆನ್ನಾಗಿದ್ದೇನೆ.

ಅಕ್ಕ


ಮಾರ್ಚ್ 13

ಅಕ್ಕ,

ಶರ್ಟು ಸರಿಯಾಗಿ ಕೂತಿದೆ. ಹಲ್ಲು ಕೀಳಿಸಿದ್ದು ಒಳ್ಳೆಯದಾಯಿತು. ಗಾಯ ಆರುವ ತನಕ ಹಾಗೇ ನೋಯುತ್ತಿರುತ್ತದೆ.

ಈಗ ಜೇಬಿನ ವಿಷಯ. ಕೂತುಕೊಂಡು ಓದು, ಹಾರಾಡಬೇಡ. ನವೆಂಬರಿನಿಂದ ನನಗೆ ಎದೆಯೊಳಗೆ ಏನೋ ಆಗುತ್ತಿದೆ. ನೋವಲ್ಲ. ಓಡುವವನು ಎಡವಿ ಮತ್ತೆ ಓಡಿದ ಹಾಗೆ. ಫೋನುಗಳು ಒಟ್ಟಿಗೆ ಹೊಡೆದುಕೊಂಡಾಗ ಜಾಸ್ತಿ. ಆಫೀಸಿಗೆ ತಿಳಿದರೆ ಉಗ್ರಾಣವೇ ಗತಿ ಅಂತ ಜನವರಿಯಲ್ಲಿ ಹೊರಗಿನ ಒಬ್ಬ ಹೃದಯದ ಡಾಕ್ಟರರ ಹತ್ತಿರ ಹೋದೆ. ಇಡೀ ಒಂದು ದಿನದ ಬಡಿತವನ್ನು ಬರೆದುಕೊಳ್ಳುವ ಸಣ್ಣ ಯಂತ್ರವೊಂದನ್ನು ಎದೆಗೆ ಅಂಟಿಸಬೇಕು ಅಂದರು. ಅದಕ್ಕೇ ನಿನ್ನ ಜೇಬು, ಅದರ ತಂತಿಗಳಿಗೇ ನಿನ್ನ ಕಾಜ. ಮಂಗಳವಾರ, ಹತ್ತನೇ ತಾರೀಕು, ಅದನ್ನು ಹಾಕಿಕೊಂಡೇ ಪಾಳಿ ಮಾಡಿದೆ. ಒಬ್ಬರಿಗೂ ಕಾಣಲಿಲ್ಲ. ನಿನ್ನ ಕೈಗೆ ಶರಣು.

ಯಂತ್ರದ ಜೊತೆ ಒಂದು ಪುಟ್ಟ ಪುಸ್ತಕವನ್ನೂ ಕೊಟ್ಟಿದ್ದರು. ಸಮಯ, ಏನು ಮಾಡುತ್ತಿದ್ದಿರಿ, ಹೇಗನಿಸಿತು ಅಂತ ಮೂರು ಅಂಕಣ. ನಾನೊಂದು ಕತ್ತೆ ಅಕ್ಕ. ಬೆಳಿಗ್ಗೆ ಕುರ್ಚಿಯಲ್ಲಿ ಕೂತವನೇ ಆಫೀಸಿನ ಪುಸ್ತಕದ ಷರಾ ತುಂಬಿದೆ, ಅದೇ ಕೈಯಲ್ಲಿ ಇದನ್ನೂ ತುಂಬಿಬಿಟ್ಟೆ. ಸಾಮಾನ್ಯ, ಸಾಮಾನ್ಯ, ಕೊನೆಯ ಸಾಲಿನ ತನಕ. ತಪ್ಪು ಮಾಡುತ್ತಿದ್ದೇನೆ ಅಂತ ತಲೆಗೆ ಹೊಳೆಯಲೂ ಇಲ್ಲ.

ನಿನ್ನೆ ಡಾಕ್ಟರು ವರದಿ ಮುಂದಿಟ್ಟರು. ಪಾಳಿಯ ಉದ್ದಕ್ಕೂ ಬಡಿತ ಜೋರು. ಮನೆಗೆ ಹೋದ ಮೇಲೂ ಅದು ಇಳಿಯಲು ಗಂಟೆಗಟ್ಟಲೆ ತೆಗೆದುಕೊಂಡಿದೆ. "ಇದು ಇನ್ನೂ ಕಾಯಿಲೆ ಅಲ್ಲ, ಆದ್ರೆ ಹೀಗೇ ಓಡಿಸ್ತಿದ್ರೆ ಆಗುತ್ತೆ" ಅಂದರು. ಆಮೇಲೆ ಒಂದು ಜಾಗದಲ್ಲಿ ಪೆನ್ನು ಇಟ್ಟರು. ಬೆಳಿಗ್ಗೆ ಹನ್ನೊಂದು ನಲವತ್ತು. ನಾಲ್ಕು ನಿಮಿಷ ನನ್ನ ಹೃದಯ ನೂರೈವತ್ತರ ಮೇಲೆ ಓಡಿದೆ, ನಡುನಡುವೆ ಎಡವಿದೆ. ಇಡೀ ದಿನದಲ್ಲಿ ಅಂಥದ್ದು ಇನ್ನೊಂದಿಲ್ಲ.

"ಆಗ ಏನಾಯ್ತು?" ಅಂತ ಕೇಳಿದರು.

ನನ್ನ ಪುಸ್ತಕ ನೋಡಿದೆವು. ಸಾಮಾನ್ಯ.

ಇವತ್ತು ಆಫೀಸಿನ ಪುಸ್ತಕ ನೋಡಿದೆ. ಅಲ್ಲೂ ನನ್ನದೇ ಅಕ್ಷರ, ಸಾಮಾನ್ಯ. ಪಂಪುಗಳು ಓಡಿವೆ, ಟ್ಯಾಂಕು ತುಂಬಿವೆ. ರೇಡಿಯೋಗೆ ಕೇಳಿದೆ. "ಹತ್ತನೇ ತಾರೀಕಾ? ಅಷ್ಟು ಪ್ರಶಾಂತವಾದ ದಿನ ಈ ವರ್ಷ ಬಂದೇ ಇಲ್ವಲ್ಲಯ್ಯಾ. ನಾನು ನನ್ನ ಮದುವೆ ಕಥೆ ಹೇಳ್ತಿದ್ದೆ" ಅಂದರು. ಆ ಕಥೆಗೆ ಯಾರ ಹೃದಯವೂ ಓಡುವುದಿಲ್ಲ. ಹಾಗಾದರೆ ನನಗೇನಾಯಿತು? ಏನೂ ನಡೆಯದ ಹೊತ್ತಿನಲ್ಲಿ ಅದು ಓಡಿದೆ ಅಂದರೆ ಕೆಟ್ಟಿದೆ ಅಂತ ತಾನೇ ಅರ್ಥ? ಏನಾದರೂ ನಡೆದಿದ್ದರೆ ನನಗೇಕೆ ನೆನಪಿಲ್ಲ? ಯಾವುದು ಹೆಚ್ಚು ಕೆಟ್ಟದ್ದು ಅಂತಲೂ ತಿಳಿಯುತ್ತಿಲ್ಲ. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ಇನ್ನೊಂದು ಖಾಲಿ ಪುಸ್ತಕವನ್ನೂ ಕೊಟ್ಟಿದ್ದಾರೆ. ಮುಂದಿನ ತಿಂಗಳು ಮತ್ತೆ ಯಂತ್ರ. "ಈ ಸಲ ನಿಜ ಬರೀರಿ" ಅಂದರು.

ನನಗೆ ಹೆದರಿಕೆಯಾಗಿದೆ ಅಕ್ಕ. ಕಾಗದವಾದ್ದರಿಂದ ಹೇಳಿದೆ.

ತಮ್ಮ


ಮಾರ್ಚ್ 17

ಲೋ ಕತ್ತೆ,

ನವೆಂಬರಿನಿಂದ! ನಾಲ್ಕು ತಿಂಗಳು! ನಾನಿಲ್ಲಿ ನಿನಗೊಬ್ಬಳು ಹುಡುಗಿ ಸಿಕ್ಕಿದ್ದಾಳೆ ಅಂತ ಕಾಜಕ್ಕೆ ರೇಷ್ಮೆ ದಾರ ಹಾಕಿದೆ. ಕಾಗದ ಓದಿದ ಕೈಯಲ್ಲೇ ಎರಡು ಮೇಲಂಗಿಗೆ ತಪ್ಪು ತೋಳು ಕತ್ತರಿಸಿದೆ. ಬೋರ್ಡು ಕೆಂಪಾಯಿತು, ಗಂಟೆಯಮ್ಮ ಕೂಗಾಡಿದಳು. ಕೂಗಲಿ ಬಿಡು.

ಈಗಲೇ ಹೊರಟು ಬರಬೇಕು ಅನ್ನಿಸುತ್ತಿದೆ. ಮೂವತ್ತೊಂದರ ತನಕ ರಜೆ ಕೇಳಿದವರ ಹೆಸರು ತೆಗೆಯುತ್ತಾರಂತೆ. ಭಾನುವಾರವೂ ಕೆಲಸ. ಏಪ್ರಿಲ್ ಒಂದಕ್ಕೆ ಅಲ್ಲಿರುತ್ತೇನೆ. ಅಲ್ಲಿಯ ತನಕ ಹೊತ್ತಿಗೆ ಸರಿಯಾಗಿ ಊಟ ಮಾಡು, ಗುಳಿಗೆ ತಪ್ಪಿಸಬೇಡ. ಮೇಲಿನವರಿಗೆ ನಿಜ ಹೇಳು. ಉಗ್ರಾಣಕ್ಕೆ ಹಾಕಿದರೆ ಹಾಕಲಿ, ಕೊಳವೆಗಳು ನಿನಗೆ ಫೋನ್ ಮಾಡಿ ಬೈಯುವುದಿಲ್ಲವಲ್ಲ.

ಹನ್ನೊಂದು ನಲವತ್ತರ ವಿಷಯವೇ ತಲೆಯಲ್ಲಿ ಕೊರೆಯುತ್ತಿದೆ. ಒಂದು ಮಾತು ಹೇಳಲಾ? ಮೇಜಿನ ಮೇಲೆ ತುಂಡೊಂದು ಕಡಿಮೆ ಬಂದರೆ ನಾವು ಎಲ್ಲಿ ಕಳೆಯಿತು ಅಂತ ಯೋಚಿಸುತ್ತಾ ಕೂರುವುದಿಲ್ಲ. ಕೈಯಲ್ಲಿ ಕೊನೆಯದಾಗಿ ಏನಿತ್ತೋ ಅಲ್ಲಿಂದ ಹಿಂದಕ್ಕೆ ಹುಡುಕುತ್ತೇವೆ. ನೀನು ಪಂಪು, ಟ್ಯಾಂಕು, ಪುಸ್ತಕ ಎಲ್ಲ ನೋಡಿದೆ. ಆ ಹೊತ್ತಿನಲ್ಲಿ ನಿನ್ನ ಕೈಯಲ್ಲಿ ಏನಿತ್ತು ಅಂತ ನೋಡಿದೆಯಾ?

ನನ್ನ ಚಿಂತೆ ಬೇಡ, ನಾನು ಚೆನ್ನಾಗಿದ್ದೇನೆ. ಇಪ್ಪತ್ತನಾಲ್ಕಕ್ಕೆ ಎರಡನೇ ಹಲ್ಲು. ಮೂರನೇ ಮಹಡಿಯ ತಿರುವಿನಲ್ಲಿ ಒಂದು ಕಿಟಕಿಯಿದೆ. ಈಗೀಗ ದಿನಾ ಅಲ್ಲಿ ಥಾನಿನ ಮೇಲೆ ಐದು ನಿಮಿಷ ಕೂತು ಮೇಲೆ ಹೋಗುತ್ತೇನೆ. ಒಳ್ಳೆಯ ಗಾಳಿ.

ಅಕ್ಕ


ಮಾರ್ಚ್ 22, ಬಸ್ಸಿನಲ್ಲಿ

ಅಕ್ಕ,

ಈ ಕಾಗದಕ್ಕೆ ಅಂಚೆ ಇಲ್ಲ. ನಿಮ್ಮ ಗೇಟಿನ ಕಾವಲುಗಾರನ ಕೈಗೆ ಕೊಟ್ಟು ಮೇಲೆ ಕಳಿಸುತ್ತೇನೆ. ಎದುರಿಗೆ ನಿಂತರೆ ನನಗೆ ಮಾತು ಬರುವುದಿಲ್ಲ. ಬಸ್ಸು ಕುಲುಕುತ್ತಿದೆ, ಅಕ್ಷರ ಹೇಗಿದ್ದರೂ ಪೂರ್ತಿ ಓದು.

ನಿನ್ನ ಕಾಗದ ನಿನ್ನೆ ಬಂತು. ಕೈಯಲ್ಲಿ ಏನಿತ್ತು ಅಂತ ಕೇಳಿದ್ದೀಯಲ್ಲ, ಸಂಜೆ ಮನೆಗೆ ಹೋಗಿ ಒಗೆಯಲು ಹಾಕಿದ್ದ ಆ ಶರ್ಟನ್ನು ಎತ್ತಿದೆ. ಒಳಜೇಬಿನಲ್ಲಿ ಏನೋ ಸರಪರ ಅಂದಿತು. ನಿನ್ನ ಕಾಗದ, ಮಾರ್ಚ್ ಆರರದ್ದು. ಓದಿ, ಮಡಚಿ, ಯಂತ್ರದ ಪಕ್ಕದಲ್ಲೇ ತುರುಕಿದ್ದೆ. ಮರುದಿನ ಯಂತ್ರ ವಾಪಸ್ ಕೊಟ್ಟೆ, ಕಾಗದ ಅಲ್ಲೇ ಉಳಿದಿತ್ತು.

ನಮ್ಮ ಕಂಟ್ರೋಲ್ ರೂಮಿಗೆ ಬರುವ ಪ್ರತಿ ಕಾಗದಕ್ಕೂ ಬಾಗಿಲಲ್ಲೇ ಮುದ್ರೆ ಬೀಳುತ್ತದೆ. ತಾರೀಕು, ಗಂಟೆ, ನಿಮಿಷ. ಸರ್ಕಾರಿ ಆದೇಶಕ್ಕೂ ಅದೇ ಮುದ್ರೆ, ಅಕ್ಕನ ಕಾಗದಕ್ಕೂ ಅದೇ. ಲಕೋಟೆ ತಿರುಗಿಸಿ ನೋಡಿದೆ. ಮಾರ್ಚ್ 10, 11.38.

ಆಗ ನನ್ನ ಕೈಯಲ್ಲಿದ್ದದ್ದು ನೀನು ಅಕ್ಕ.

ಒಗೆಯುವ ಬಟ್ಟೆಯ ರಾಶಿಯ ಮೇಲೇ ಕೂತು ಮತ್ತೆ ಓದಿದೆ. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಎರಡು ಮಹಡಿ ಹತ್ತಿದರೆ ಬರುತ್ತದೆ, ಕೆನ್ನೆ ಹಿಡಿದು ನಿಂತರೆ ಹೋಗುತ್ತದೆ. ಆ ಸಾಲಿಗೆ ಬರುವಷ್ಟರಲ್ಲಿ ಎದೆ ಎಡವಿತು, ಓಡಿತು. ಗಡಿಯಾರ ನೋಡಿಕೊಂಡೆ, ನಾಲ್ಕು ನಿಮಿಷ.

ಮೂವತ್ಮೂರು ವರ್ಷ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಅಪ್ಪ ಹೋದಾಗ ನೀನು ಹೊಲಿಗೆ ಕಲಿಯಲು ಹಾಸ್ಟೆಲ್ಲಿನಲ್ಲಿದ್ದೆ. ಏನೂ ಸೂಚನೆ ಇಲ್ಲದೆ, ಅಚ್ಚುಕೂಟದಲ್ಲಿ ನಿಂತಲ್ಲೇ ಹೋದರು ಅಂತ ಎಲ್ಲರೂ ಹೇಳಿದರು. ಸೂಚನೆ ಇತ್ತು. ಆ ತಿಂಗಳೆಲ್ಲ ಶಾಲೆ ಮುಗಿಸಿ ನಾನೂ ಅಪ್ಪನೂ ಒಟ್ಟಿಗೆ ಮನೆಯ ಮೆಟ್ಟಿಲು ಹತ್ತುತ್ತಿದ್ದೆವು. ಎರಡನೇ ತಿರುವಿನಲ್ಲಿ ಅಪ್ಪ ದಿನಾ ನಿಲ್ಲುತ್ತಿದ್ದರು, ಎಡಗೆನ್ನೆಗೆ ಕೈ ಕೊಟ್ಟುಕೊಂಡು. ಹಣೆಯೆಲ್ಲ ಬೆವರು. "ಹಲ್ಲು ಕಣೋ. ಅಮ್ಮಂಗೆ ಹೇಳ್ಬೇಡ, ಸುಮ್ನೆ ಗಾಬರಿ ಬೀಳ್ತಾಳೆ" ಅನ್ನುತ್ತಿದ್ದರು. ನಾನು ಹೇಳಲಿಲ್ಲ. ಗುಟ್ಟು ಕಾಪಾಡುವ ಹುಡುಗ ಅಂತ ನನಗೆ ಹೆಮ್ಮೆ ಬೇರೆ. ಆಮೇಲೆ ಅಪ್ಪ ಹೋದರು. ಆಗ ಹೇಳಲು ಹೆದರಿಕೆ, ದೊಡ್ಡವನಾದ ಮೇಲೆ ನಾಚಿಕೆ, ಕೊನೆಗೆ ಮರೆತೇಬಿಟ್ಟೆ. ಅಥವಾ ಮರೆತೆ ಅಂತ ಅಂದುಕೊಂಡಿದ್ದೆ.

ನನಗೆ ಅರ್ಥವಾಗದಿರುವುದು ಇದು. ನನ್ನ ಎದೆಗೆ ಆವತ್ತೇ ಗೊತ್ತಾಗಿದೆ. ನನಗೇಕೆ ಗೊತ್ತಾಗಲಿಲ್ಲ? ಆ ಕಾಗದಕ್ಕೆ ನಾನು ಬರೆದ ಉತ್ತರ ನೆನಪಿಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಗಾಯ ಆರುವ ತನಕ ನೋಯುತ್ತದೆ ಅಂತೆ!

ನಿನ್ನೆ ಸಂಜೆಯೇ ಡಾಕ್ಟರರಿಗೆ ಫೋನ್ ಮಾಡಿ ನಿನ್ನ ಸಾಲುಗಳನ್ನು ಓದಿ ಹೇಳಿದೆ. ಅವರು ನಡುವೆಯೇ ತಡೆದರು. "ಇದು ಹಲ್ಲಲ್ಲ. ಹೆಂಗಸರಿಗೆ ಎಷ್ಟೋ ಸಲ ಎದೆ ನೋಯೋದೇ ಇಲ್ಲ, ದವಡೆ, ಬೆನ್ನು, ಬರೀ ಸುಸ್ತು. ಅವರು ಇನ್ನೊಂದು ಮೆಟ್ಟಿಲೂ ಹತ್ತಬಾರದು, ಈಗಲೇ ಆಸ್ಪತ್ರೆಗೆ ಹೋಗ್ಲಿ" ಅಂದರು. ನಿನಗೆ ಫೋನ್ ಮಾಡಿದೆ. ನೀನು ಏನು ಅಂದೆ ನೆನಪಿದೆಯಾ? "ಹಲ್ಲು ಕಣೋ, ಸುಮ್ನಿರು" ಅಂದು ಇಟ್ಟುಬಿಟ್ಟೆ. ಅವೇ ಎರಡು ಮಾತು.

ಅದಕ್ಕೇ ಮೊದಲ ಬಸ್ಸು ಹತ್ತಿದ್ದೇನೆ. ಇವತ್ತು ನನ್ನ ಪಾಳಿ ಇತ್ತು. ಹೊರಡುವ ಮೊದಲು ಕಂಟ್ರೋಲ್ ರೂಮಿಗೆ ಹೋಗಿ, ಇವತ್ತಿನ ಹಾಳೆಯಲ್ಲಿ ರೇಡಿಯೋ ಆಗಲೇ ತುಂಬಿದ್ದ ಮೊದಲ ಸಾಲನ್ನು ಹೊಡೆದು, "ಅಕ್ಕನಿಗೆ ಹೃದಯದ ತೊಂದರೆ, ನನಗೂ ನವೆಂಬರಿನಿಂದ ಇದೆ, ಪಾಳಿ ಬಿಟ್ಟು ಹೋಗುತ್ತಿದ್ದೇನೆ" ಅಂತ ಬರೆದು ಸಹಿ ಹಾಕಿ ಬಂದೆ. ರೇಡಿಯೋ ಅದನ್ನು ಓದಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಮಾತು ಹೊರಡಲಿಲ್ಲ.

ಗೇಟಿನ ಹತ್ತಿರವೇ ನಿಂತಿರುತ್ತೇನೆ. ಕತ್ತರಿ ಕೆಳಗಿಟ್ಟು ಬಾ. ಮೆಟ್ಟಿಲಿನಲ್ಲಿ ಬೇಡ. ಥಾನುಗಳ ಲಿಫ್ಟಿನಲ್ಲಿ ಬಾ. ಗಂಟೆಯಮ್ಮ ಕೂಗಾಡಿದರೆ, ನೀನೂ ಒಂದು ಥಾನು ಅಂತ ಹೇಳು.

ಬಾ ಅಕ್ಕ. ಈ ಸಲ ನಾನು ಎಲ್ಲರಿಗೂ ಹೇಳುತ್ತೇನೆ.

ತಮ್ಮ


ಮಾರ್ಚ್ 23, ಬೆಳಿಗ್ಗೆ 9.10, ಆಸ್ಪತ್ರೆಯಲ್ಲಿ

ಅಕ್ಕ,

ಒಳಗೆ ಬಿಡುವುದಿಲ್ಲವಂತೆ, ಬಾಗಿಲ ಹೊರಗಿನ ಬೆಂಚಿನಲ್ಲಿದ್ದೇನೆ. ಬೇರೆ ಕಾಗದವಿಲ್ಲ. ಡಾಕ್ಟರು ಕೊಟ್ಟಿದ್ದ ಖಾಲಿ ಪುಸ್ತಕದ ಹಾಳೆ ಇದು. ಈ ನರ್ಸಮ್ಮ ಒಳ್ಳೆಯವರು, ಚೀಟಿ ಕೊಡುತ್ತೇನೆ ಅಂದಿದ್ದಾರೆ.

ಇಲ್ಲಿಯ ಡಾಕ್ಟರು ಚಿತ್ರ ತೋರಿಸಿದರು. ದೊಡ್ಡ ರಕ್ತನಾಳವೊಂದು ಮುಕ್ಕಾಲಿಗಿಂತ ಹೆಚ್ಚು ಕಟ್ಟಿಕೊಂಡಿದೆ. ಹತ್ತು ಗಂಟೆಗೆ ಒಳಗೆ ಸ್ಟೆಂಟ್ ಹಾಕುತ್ತಾರೆ. ಕೆಲಸದಿಂದಲೇ ಹೀಗಾಯಿತಾ ಅಂತ ಕೇಳಿದೆ. "ಮನೆತನದಲ್ಲಿ ಇದೆ, ರಕ್ತದೊತ್ತಡ ಇದೆ. ಅದ್ರ ಮೇಲೆ ದಿನಾ ಆ ಒತ್ತಡ. ಇದೊಂದರಿಂದಲೇ ಅಂತ ಬೆರಳು ಮಾಡಿ ತೋರಿಸೋಕಾಗಲ್ಲ" ಅಂದರು. ಯಾರ ಮೇಲೆ ಸಿಟ್ಟು ಮಾಡಬೇಕು ಅಂತಲೂ ತಿಳಿಯುತ್ತಿಲ್ಲ.

ನಿನ್ನೆಯಿಂದ ನೀನು ಅಪ್ಪನ ವಿಷಯಕ್ಕೆ ಒಂದು ಮಾತೂ ಆಡಿಲ್ಲ. ಬೈಯುವುದಿದ್ದರೆ ಈಗಲೇ ಬೈದುಬಿಡು.

ತಮ್ಮ


ಮಾರ್ಚ್ 23, 9.35

ದೊರೆ,

ಕೈಗೆ ಸೂಜಿ ಚುಚ್ಚಿದ್ದಾರೆ, ಅಕ್ಷರ ಸೊಟ್ಟ. ನೀನು ಒಳ್ಳೆಯವರು ಅಂದ ನರ್ಸಮ್ಮನ ಮೇಲಂಗಿ ನೋಡಿದೆಯಾ? ನಾನು ಕತ್ತರಿಸಿದ್ದು. ಮೊದಲ ಕಂತು ಇಲ್ಲಿಗೆ ಬಂದಿದೆ. ಕಂಕುಳ ಹತ್ತಿರ ಅರ್ಧ ಇಂಚು ಬಿಗಿ. ಗಂಟೆಯಮ್ಮ ಅವಸರ ಮಾಡಿದ ದಿನದ್ದೇ ಇರಬೇಕು. "ಕೈ ಎತ್ತಿದ್ರೆ ಹಿಡಿಯುತ್ತಾ?" ಅಂತ ಕೇಳಿದೆ. "ಹಿಡಿಯುತ್ತೆ ಅಮ್ಮ, ಅಭ್ಯಾಸ ಆಗ್ಬಿಟ್ಟಿದೆ" ಅಂದಳು. ಅವಳಿಗೂ ಅಭ್ಯಾಸ ಆಗಿದೆ ನೋಡು.

ಅಪ್ಪನ ವಿಷಯ. ಅಮ್ಮನಿಗೆ ಗೊತ್ತಿತ್ತು ಕಣೋ. ಅವಳಿಗೂ ಅಪ್ಪ ಹಲ್ಲು ಅಂತಲೇ ಹೇಳಿದ್ದರು, ಮಕ್ಕಳಿಗೆ ಹೇಳಬೇಡ ಅಂದಿದ್ದರು. ಸಾಯುವ ಮೊದಲು ಅಮ್ಮ ನನಗೆ ಹೇಳಿದಳು, ತಮ್ಮನಿಗೆ ಹೇಳಬೇಡ ಅಂತ. ನಾನೂ ಹೇಳಲಿಲ್ಲ. ಒಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದೆವು. ನೀನು ಆಗ ಹೇಳಿದ್ದರೂ ಅಪ್ಪನನ್ನು ಹಲ್ಲಿನ ಡಾಕ್ಟರರ ಹತ್ತಿರವೇ ಕರೆದುಕೊಂಡು ಹೋಗುತ್ತಿದ್ದೆವು. ನಿನಗೆ ಎಂಟು ವರ್ಷ. ಇನ್ನು ಆ ಭಾರ ಇಳಿಸು.

ಅದೆಲ್ಲ ಗೊತ್ತಿದ್ದೂ ನಾನೇಕೆ ನನ್ನ ಹಲ್ಲು ಕೀಳಿಸಿಕೊಂಡೆ ಅಂತ ಕೇಳಬೇಡ. ನಿನ್ನೆಯಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಅಪ್ಪ ಗಂಡಸು, ಅದು ಬೇರೆ ಅಂತ ಅಂದುಕೊಂಡೆನೋ, ಮಾರ್ಚ್ ಮೂವತ್ತೊಂದು ದಾಟಲಿ ಅಂತ ಅಂದುಕೊಂಡೆನೋ.

ಕರೆಯುತ್ತಿದ್ದಾರೆ. ನಾನು ಚೆನ್ನಾಗಿ

(ಈ ಮಾತನ್ನು ಬೇಕೆಂದೇ ಇಲ್ಲಿಗೆ ನಿಲ್ಲಿಸಿದ್ದೇನೆ.)


ಮಾರ್ಚ್ 23, 10.50

ಅಕ್ಕ,

ಇದನ್ನು ನೀನು ಹೊರಬಂದ ಮೇಲೆ ಓದುತ್ತೀಯ. ಪುಸ್ತಕವನ್ನು ನಿಜವಾಗಿ ತುಂಬುತ್ತಿದ್ದೇನೆ.

10.05. ಗಾಲಿಮಂಚ ಹೋದದ್ದನ್ನು ನೋಡಿದೆ. ಎದೆ ಎಡವಿತು.
10.20. ಬೆಂಚಿನಲ್ಲಿ ಕೂತಿದ್ದೆ. ನಿನ್ನ ಚಪ್ಪಲಿ ನನ್ನ ಚೀಲದಲ್ಲಿದೆ. ಅಳು ಬಂತು.
10.35. ಆಫೀಸಿನಿಂದ ಫೋನು. ತೆಗೆಯಲಿಲ್ಲ. ಏನೂ ಆಗಲಿಲ್ಲ.
10.50. ಹಸಿವು. ಹಸಿವಾದದ್ದಕ್ಕೆ ನಾಚಿಕೆ.

ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ನಿನ್ನದು ಗೊತ್ತಾಗುವ ತನಕ ಅಲ್ಲಿ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಹಾಳೆಯ ಹಿಂಬದಿ ನಿನಗೆ. ಏನು ಬೇಕಾದರೂ ಬರಿ, ನಮ್ಮ ಷರಾದ ಆ ಒಂದು ಪದ ಮಾತ್ರ ಬೇಡ.

ತಮ್ಮ


ಅದೇ ಹಾಳೆಯ ಹಿಂಬದಿ. ಮಾರ್ಚ್ 23, ಮಧ್ಯಾಹ್ನ 1.05

ಸಮಯ: ಒಂದು ಐದು.

ಏನು ಮಾಡುತ್ತಿದ್ದಿರಿ: ಮಲಗಿದ್ದೇನೆ. ಕೆನ್ನೆ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ. ನೋವಿಲ್ಲ.

ಹೇಗನಿಸಿತು: ಆ ಪದವನ್ನೇ ಬರೆದಿದ್ದೆ, ಹೊಡೆದು ತಿದ್ದಿದ್ದೇನೆ. ಭಯವಾಗುತ್ತಿದೆ ಕಣೋ. ಒಬ್ಬಳೇ ಇದ್ದೇನೆ. ಯಾರಿಗಾದರೂ ಹೇಳು, ಒಳಗೆ ಬಾ.